ಐವತ್ತು ಕೆಬಿಯ ಫೋಟೊ ಮತ್ತು ಇತರ ಉಪಕಾರಗಳು

ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಗಣಿತ, ಇಂಗ್ಲಿಷ್, ಸಾಮಾನ್ಯಜ್ಞಾನ ಎಲ್ಲಕ್ಕಿಂತ ಮೊದಲು ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಫೋಟೊ 20ರಿಂದ 50 ಕೆಬಿ ಒಳಗಿರಬೇಕು. ಸಹಿ 10ರಿಂದ 20 ಕೆಬಿ. ಎಡಗೈ ಹೆಬ್ಬೆಟ್ಟಿನ ಗುರುತಿಗೆ ಒಂದು ಅಳತೆ, ಕೈಯಾರೆ ಬರೆದ ಘೋಷಣೆಗೆ ಇನ್ನೊಂದು ಅಳತೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನವರು ಫೋಟೊದ ಅಗಲ 200, ಎತ್ತರ 230 ಪಿಕ್ಸೆಲ್ ಇರಲಿ ಅಂತಲೂ ಹೇಳುತ್ತಾರೆ. ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿದರೆ ಮೂರು ನಾಲ್ಕು ಎಂಬಿ. ಅರ್ಜಿಯ ಕೊನೆಯ ದಿನ, ರಾತ್ರಿ ಹತ್ತರ ಮೇಲೆ, ಪರದೆಯಲ್ಲಿ ಮತ್ತೆ ಮತ್ತೆ ಅದೇ ಕೆಂಪಕ್ಷರ. ಡಿಗ್ರಿ ಮುಗಿಸಿದ ಮಕ್ಕಳು ಅದರ ಮುಂದೆ ಕೈಚೆಲ್ಲಿ ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಐದು ನಿಮಿಷದ ಕೆಲಸ ಅದು, ದುಡ್ಡಂತೂ ಬೇಡವೇ ಬೇಡ.

ಸ್ಕ್ವೂಶ್ ಅಂತ ಒಂದು ಜಾಲತಾಣವಿದೆ. ಗೂಗಲ್‌ನಲ್ಲಿ ಕ್ರೋಮ್ ಬ್ರೌಸರ್ ಮಾಡುವ ತಂಡದವರು 2018ರಲ್ಲಿ ಮಾಡಿಟ್ಟದ್ದು. ಫೋಟೊ ಹಾಕಿದರೆ ಪರದೆಯ ನಡುವೆ ಒಂದು ಗೀಟು ನಿಲ್ಲುತ್ತದೆ. ಗೀಟಿನ ಎಡಕ್ಕೆ ಮೂಲ ಫೋಟೊ, ಬಲಕ್ಕೆ ಕಿರಿದು ಮಾಡಿದ್ದು, ಕೆಳಗೆ ಅದರ ತೂಕ. ಮೊದಲು ರೀಸೈಜ್ ಆರಿಸಿ ಅಗಲ ಎತ್ತರ ಕೊಡಬೇಕು, ಆಮೇಲೆ ಕ್ವಾಲಿಟಿಯ ಗುಂಡಿ ಜಾರಿಸಬೇಕು. ಬಹಳ ಜನ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೇ ಕೈಹಾಕುತ್ತಾರೆ. ಹನ್ನೆರಡು ಮೆಗಾಪಿಕ್ಸೆಲ್ ಫೋಟೊ ಅಂದರೆ ಸುಮಾರು 1.2 ಕೋಟಿ ಚುಕ್ಕಿ. 200ನ್ನು 230ರಿಂದ ಗುಣಿಸಿದರೆ ಬರುವುದು 46,000. ಕೋಟಿ ಚುಕ್ಕಿಗಳನ್ನು ಹಾಗೇ ಇಟ್ಟುಕೊಂಡು ಗುಣಮಟ್ಟವನ್ನಷ್ಟೇ ಹಿಂಡಿದರೆ ಮುಖ ಚೌಕಚೌಕವಾಗಿ ಒಡೆಯುತ್ತದೆಯೇ ಹೊರತು 50 ಕೆಬಿಗೆ ಇಳಿಯುವುದಿಲ್ಲ. ಚುಕ್ಕಿ ಇಳಿಸಿದ ಮೇಲೆ ಎಷ್ಟೋ ಸಲ ತೊಂದರೆ ತಿರುವುಮುರುವಾಗುತ್ತದೆ, ಫೋಟೊ 20 ಕೆಬಿಗಿಂತಲೂ ಕೆಳಗಿಳಿದು ಅರ್ಜಿ ಮತ್ತೆ ವಾಪಸಾಗುತ್ತದೆ. ಆಗ ಕ್ವಾಲಿಟಿಯ ಗುಂಡಿಯನ್ನು ಬಲಕ್ಕೆ ತಳ್ಳಿದರೆ ಆಯಿತು. ಸ್ಕ್ವೂಶ್‌ನಲ್ಲಿ ಅಂಚು ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಫೋನಿನ ಗ್ಯಾಲರಿಯಲ್ಲೇ ಪಾಸ್‌ಪೋರ್ಟ್ ಫೋಟೊದ ಆಕಾರಕ್ಕೆ ಕತ್ತರಿಸಿಕೊಂಡು ಬನ್ನಿ. ಹಾಗೆ ಮಾಡದಿದ್ದರೆ ಮುಖ ಅಡ್ಡಡ್ಡ ಹಿಗ್ಗಿ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು ಫೋಟೊವನ್ನೂ ನಿಮ್ಮನ್ನೂ ಎರಡೆರಡು ಸಲ ನೋಡುವಂತಾಗುತ್ತದೆ.

ಈ ತಾಣವನ್ನು ನಾನು ಇಷ್ಟು ಹೊಗಳುವುದಕ್ಕೆ ಕಾರಣ ಬೇರೆಯೇ ಇದೆ. ಸ್ಕ್ವೂಶ್ ತೆರೆದುಕೊಂಡು, ವೈಫೈ ನಿಲ್ಲಿಸಿ, ಆಮೇಲೆ ಫೋಟೊ ಹಾಕಿ ನೋಡಿ. ಕೆಲಸ ನಡೆಯುತ್ತಲೇ ಇರುತ್ತದೆ. ಅಂದರೆ ನಿಮ್ಮ ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಿಲ್ಲ. ತಾಣ ಕಳಿಸಿದ್ದು ಕೆಲಸ ಮಾಡುವ ಉಪಕರಣವನ್ನು ಮಾತ್ರ, ಕೆಲಸ ನಡೆದದ್ದು ನಿಮ್ಮ ಮೇಜಿನ ಮೇಲೆ. ಬೇರೆ ಎಷ್ಟೋ ತಾಣಗಳಲ್ಲಿ ನಿಮ್ಮ ಫೈಲು ಮೊದಲು ಅವರ ಸರ್ವರಿಗೆ ಹೋಗುತ್ತದೆ, ಅಲ್ಲಿ ಕೆಲಸ ಮುಗಿದ ಮೇಲೆ ನಿಮಗೆ ಮರಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅದಕ್ಕೇ ನಾನು ಯಾವ ಹೊಸ ತಾಣ ಸಿಕ್ಕಿದರೂ ಮೊದಲು ಇಂಟರ್ನೆಟ್ ನಿಲ್ಲಿಸಿ ನೋಡುತ್ತೇನೆ. ನನ್ನ ಕಾಗದ ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆಗೆ ಇದಕ್ಕಿಂತ ಸುಲಭವಾಗಿ ಉತ್ತರ ಪಡೆಯುವ ದಾರಿ ನನಗೆ ಸಿಕ್ಕಿಲ್ಲ.

ಪಿಡಿಎಫ್ ವಿಷಯಕ್ಕೆ ಬಂದರೆ ಈ ಪ್ರಶ್ನೆಯ ಬಿಸಿ ತಾಗುತ್ತದೆ. ನಾಲ್ಕು ಪಿಡಿಎಫ್ ಜೋಡಿಸು, ಒಂದನ್ನು ಒಡೆ, ಎಂಟು ಎಂಬಿಯದನ್ನು ಎರಡಕ್ಕೆ ಇಳಿಸು. ಇದು ದಿನನಿತ್ಯದ ಗೋಳು. ಬಾರ್ಸಿಲೋನಾದಿಂದ ನಡೆಯುವ ಐಲವ್‌ಪಿಡಿಎಫ್, ಸ್ವಿಟ್ಜರ್ಲೆಂಡಿನ ಸ್ಮಾಲ್‌ಪಿಡಿಎಫ್ ಇವೆಲ್ಲ ಅಚ್ಚುಕಟ್ಟಾಗಿ ಮಾಡಿಕೊಡುತ್ತವೆ. ಐಲವ್‌ಪಿಡಿಎಫ್‌ನವರು ಎರಡು ಗಂಟೆಯೊಳಗೆ ನಿಮ್ಮ ಫೈಲು ಅಳಿಸುತ್ತೇವೆ ಅಂತ ಬರೆದೂ ಇದ್ದಾರೆ. ಮಗಳ ಪ್ರಾಜೆಕ್ಟು, ಸಂಘದ ಸ್ಮರಣ ಸಂಚಿಕೆ ಇಂಥವಕ್ಕೆ ನಾನು ಧೈರ್ಯವಾಗಿ ಬಳಸುತ್ತೇನೆ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟು, ಆಸ್ತಿಯ ಪತ್ರ, ಆಸ್ಪತ್ರೆಯ ವರದಿ ಇವನ್ನು ಪರದೇಶದ ಸರ್ವರಿಗೆ ಹತ್ತಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅವಕ್ಕೆ ಜರ್ಮನಿಯ ಪಿಡಿಎಫ್24 ಅನ್ನುವ ಉಚಿತ ತಂತ್ರಾಂಶವನ್ನು ವಿಂಡೋಸ್ ಕಂಪ್ಯೂಟರಿಗೇ ಇಳಿಸಿಕೊಂಡರೆ ಎಲ್ಲವೂ ಮನೆಯಲ್ಲೇ ಮುಗಿಯುತ್ತದೆ. ಇನ್ನು ಬರಿಯ ಒಂದು ಪುಟವನ್ನು ಪಿಡಿಎಫ್ ಮಾಡುವುದಕ್ಕೆ ಯಾವ ತಾಣವೂ ಬೇಡ. ಕಂಟ್ರೋಲ್ ಒತ್ತಿಕೊಂಡು ಪಿ ಒತ್ತಿ, ಪ್ರಿಂಟರಿನ ಹೆಸರು ಇರುವ ಕಡೆ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಮುಗಿಯಿತು. ಮೂವತ್ತು ಪುಟದ ದಾಖಲೆಯಿಂದ ಎರಡೇ ಪುಟ ಬೇಕಾದರೂ ಇದೇ ದಾರಿ, ಪುಟ ಸಂಖ್ಯೆ ಕೊಟ್ಟರೆ ಸಾಕು.

ಆಧಾರ್ ಪ್ರತಿ ಕೊಡಬೇಕಾದ ಕಡೆ ಇನ್ನೊಂದು ಅನುಕೂಲ ಇದೆ, ಯಾಕೋ ಬಹಳ ಜನಕ್ಕೆ ತಲುಪಿಲ್ಲ. ಆಧಾರ್‌ನ ಅಧಿಕೃತ ತಾಣದಲ್ಲಿ ಕಾರ್ಡು ಇಳಿಸಿಕೊಳ್ಳುವಾಗ ‘ಮಾಸ್ಕ್ಡ್ ಆಧಾರ್’ ಅನ್ನುವುದನ್ನು ಆರಿಸಿದರೆ ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಬೆರಳಚ್ಚಿಗೂ ಕಣ್ಣಿನ ಗುರುತಿಗೂ ಅಲ್ಲೇ ಬೀಗ ಹಾಕಿಕೊಳ್ಳಬಹುದು. ಎರಡೂ ಉಚಿತ.

ಸೈಬರ್ ಸೆಂಟರಿನವರ ಬಗ್ಗೆ ನನಗೆ ಗೌರವವಿದೆ. ತಾಲ್ಲೂಕು ಊರುಗಳಲ್ಲಿ ಪಿಂಚಣಿ, ವಿದ್ಯಾರ್ಥಿವೇತನ, ರೇಷನ್ ಕಾರ್ಡಿನ ತಿದ್ದುಪಡಿ ಎಲ್ಲಕ್ಕೂ ಜನ ಹೋಗುವುದು ಅವರ ಹತ್ತಿರವೇ, ಸಹನೆಯಿಂದ ಮಾಡಿಕೊಡುವುದೂ ಅವರೇ. ಆದರೆ ಅಲ್ಲಿ ಕೆಲಸ ಮುಗಿಸಿ ಏಳುವ ಮೊದಲು ಡೌನ್‌ಲೋಡ್ಸ್ ಫೋಲ್ಡರ್ ಒಂದು ಸಲ ತೆರೆದು ನೋಡಿ. ಊರಿನ ಅರ್ಧ ಜನರ ಆಧಾರ್ ಅಲ್ಲಿ ಮಲಗಿರುತ್ತದೆ. ನಿಮ್ಮದನ್ನು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ, ಜಿಮೇಲಿನಿಂದ ಹೊರಬಂದು ಏಳಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊರಿನ ಮಾತು ಬಂದದ್ದರಿಂದ ಪಹಣಿಯ ವಿಷಯ ಹೇಳಿಬಿಡುತ್ತೇನೆ. ಶ್ಯಾನುಭೋಗರ ಕಾಲದಲ್ಲಿ, ಆಮೇಲೆ ಗ್ರಾಮಲೆಕ್ಕಿಗರ ಕಾಲದಲ್ಲಿ, ನಮ್ಮ ಹೊಲದ ಕಾಗದ ನೋಡುವುದಕ್ಕೆ ಎಷ್ಟು ಸಲ ಓಡಾಡಬೇಕಾಗಿತ್ತು ಅನ್ನುವುದು ರೈತರ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. 2000ದ ಆಸುಪಾಸಿನಲ್ಲಿ ಶುರುವಾದ ಭೂಮಿ ಯೋಜನೆ ಆ ದಾಖಲೆಗಳನ್ನು ಕಂಪ್ಯೂಟರಿಗೆ ಹತ್ತಿಸಿತು. ಈಗ ಕಂದಾಯ ಇಲಾಖೆಯ ಭೂದಾಖಲೆಗಳ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಆರಿಸಿದರೆ ಪಹಣಿ ಕಣ್ಣೆದುರಿಗೆ. ಕಚೇರಿಗೆ ಕೊಡುವ ಅಧಿಕೃತ ಪ್ರತಿಗೆ ಶುಲ್ಕವಿದೆ, ನೋಡುವುದಕ್ಕೆ ಇಲ್ಲ. ಮ್ಯುಟೇಶನ್ ಎಲ್ಲಿಗೆ ಬಂತು ಅಂತಲೂ ನೋಡಬಹುದು. ಗ್ರಾಮನಕ್ಷೆಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಹಳೆಯ ನಕ್ಷೆಗಳಲ್ಲಿ ಕೆರೆ, ಹಳ್ಳ, ಬಂಡಿದಾರಿ, ಗುಡಿ ಎಲ್ಲ ಗುರುತಾಗಿರುತ್ತವೆ. ಈಗ ಲೇಔಟ್ ಆಗಿರುವ ಕಡೆ ಹಿಂದೆ ಹಳ್ಳ ಹರಿಯುತ್ತಿತ್ತು ಅನ್ನುವುದು ಆ ಕಪ್ಪು ಗೆರೆಗಳಲ್ಲಿ ಕಾಣುತ್ತದೆ. ದಿಶಾಂಕ್ ಅನ್ನುವ ಆ್ಯಪ್ ಇನ್ನೂ ಒಂದು ಹೆಜ್ಜೆ ಮುಂದೆ. ಹೊಲದಲ್ಲಿ ನಿಂತರೆ ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಅಂತ ತೋರಿಸುತ್ತದೆ. ಸೈಟು ಕೊಳ್ಳುವವರು ಬ್ರೋಕರ್ ಮಾತು ಕೇಳುವ ಮೊದಲು ಇದನ್ನು ತೆರೆಯಲಿ. ಹೆಚ್ಚಿನ ಸರ್ಕಾರಿ ತಾಣಗಳ ವಿಳಾಸ ‘ಜಿಒವಿ ಡಾಟ್ ಇನ್’ ಅಂತಲೋ ‘ಎನ್ಐಸಿ ಡಾಟ್ ಇನ್’ ಅಂತಲೋ ಮುಗಿಯುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿಗಳು ಬಹಳ ಇವೆ.

ಮೊಬೈಲ್ ಕಳೆದುಕೊಂಡವರಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣ. 2023ರ ಮೇ ತಿಂಗಳಿಂದ ಇದೆ. ಕಳೆದುಹೋದ ಫೋನನ್ನು ಯಾವ ಸಿಮ್ ಹಾಕಿದರೂ ನಡೆಯದಂತೆ ಅದರಲ್ಲಿ ತಡೆಹಿಡಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅದರಲ್ಲೇ ನೋಡಬಹುದು. ನಮ್ಮ ಕಡೆ ಒಬ್ಬರ ಹೆಸರಿನಲ್ಲಿ ಇರಬಹುದಾದದ್ದು ಹೆಚ್ಚೆಂದರೆ 9. ಪರಿಚಯವಿಲ್ಲದ ನಂಬರ್ ಕಂಡರೆ ‘ಇದು ನನ್ನದಲ್ಲ’ ಅಂತ ತಿಳಿಸುವ ಗುಂಡಿ ಪಕ್ಕದಲ್ಲೇ ಇದೆ.

ಈಗ ನನ್ನ ಹೃದಯಕ್ಕೆ ಹತ್ತಿರದ ವಿಷಯ, ಕನ್ನಡ.

ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತಗಳು ನಮ್ಮ ನಾಡಿನಲ್ಲಿ ಎಷ್ಟಿವೆ ಅಂತ ಲೆಕ್ಕ ಹಾಕುವುದು ಕಷ್ಟ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಹಿಂದೆಯೇ ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ಕೂತಿತು. ಎಷ್ಟೋ ಜನರ ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ್ದು ಇವುಗಳ ದಯೆಯಿಂದ, ಆ ಋಣ ದೊಡ್ಡದು. ಆದರೆ ಅಂದಿನ ಫಾಂಟುಗಳಲ್ಲಿ ಕನ್ನಡದ ಒಂದೊಂದು ತುಂಡು ಆಕಾರವೂ ಒಂದೊಂದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ಪರಂಗಿ ಅಕ್ಷರಗಳ ರಾಶಿ ಕಾಣುತ್ತದೆ. ಅದರಲ್ಲಿ ಹುಡುಕಲು ಬರುವುದಿಲ್ಲ, ವಾಟ್ಸಾಪಿಗೆ ಹಾಕಲು ಬರುವುದಿಲ್ಲ. ಯೂನಿಕೋಡಿನಲ್ಲಾದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಜಾಗವಿದೆ, ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಆಸ್ಕಿ ಅಂತ ಕರೆಯುವ ಆ ಹಳೆಯ ವಿಧಾನದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹಳೆಯ ಪಠ್ಯವನ್ನು ಒಂದು ಪೆಟ್ಟಿಗೆಗೆ ಸುರಿದರೆ ಇನ್ನೊಂದರಲ್ಲಿ ಯೂನಿಕೋಡ್ ಕನ್ನಡ ಬಂದು ಬೀಳುತ್ತದೆ. ಅರ್ಕಾವೊತ್ತು, ಮೂರು ಅಕ್ಷರ ಸೇರುವ ಒತ್ತುಗಳು, ನಡುವೆ ಬಂದ ಇಂಗ್ಲಿಷ್ ಪದಗಳು, ಅಂಕಿಗಳು ಈ ನಾಲ್ಕು ಕಡೆ ಕಣ್ಣಿಡಿ, ತಪ್ಪು ಆಗುವುದು ಅಲ್ಲೇ. ನಿಮ್ಮ ತಂದೆಯವರು ಬರೆದಿಟ್ಟ ಆತ್ಮಕಥೆಯೋ, ಊರಿನ ಇತಿಹಾಸವೋ, ತಾಯಿಯ ಹಾಡುಗಳ ಸಂಗ್ರಹವೋ ಇಂಥ ಕಡತದಲ್ಲಿ ಸಿಕ್ಕಿಕೊಂಡಿದ್ದರೆ ಇವತ್ತೇ ಬದಲಿಸಿ. ಆ ಫಾಂಟುಗಳನ್ನು ಬಲ್ಲವರೂ ಅವು ನಡೆಯುವ ಯಂತ್ರಗಳೂ ಕಡಿಮೆಯಾಗುತ್ತಿವೆ.

ಹೊಸದಾಗಿ ಟೈಪು ಮಾಡುವುದಕ್ಕಂತೂ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. 2019ರಿಂದ ವಿಂಡೋಸ್‌ನಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಹೋಗಿ ಸೇರಿಸಿಕೊಂಡರೆ ಸಾಕು. ಕೈ ಬೇಗ ಓಡದವರು ಫೋನಿನ ಜಿಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಎಪ್ಪತ್ತು ದಾಟಿದವರು ಇದನ್ನು ಕಲಿತ ಮೇಲೆ ಮೊಮ್ಮಕ್ಕಳಿಗೆ ಉದ್ದುದ್ದ ಪತ್ರ ಬರೆಯುವುದನ್ನು ನೋಡಿದ್ದೇನೆ. ಪೂರ್ಣವಿರಾಮ ಇಲ್ಲದೆ ಒಂದೇ ಉಸಿರಿನಲ್ಲಿ ಹರಿಯುವ ಆ ಪತ್ರಗಳಲ್ಲಿ ಅವರ ಮಾತಿನ ಧಾಟಿಯೇ ಕೇಳಿಸುತ್ತದೆ.

ಅಚ್ಚಾದ ಪುಟವನ್ನು ಪಠ್ಯವಾಗಿಸುವ ಕೆಲಸ ಇನ್ನೂ ಸೊಗಸು. ಪುಟದ ಫೋಟೊವನ್ನು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆ ಅಂದರೆ ಮೇಲೆ ಚಿತ್ರ, ಕೆಳಗೆ ಅದರ ಕನ್ನಡ ಪಠ್ಯ. ನೆರಳು ಬೀಳದಂತೆ, ಪುಟ ಬಾಗದಂತೆ ಫೋಟೊ ತೆಗೆದರೆ ತಿದ್ದುವ ಕೆಲಸ ಬಹಳ ಉಳಿಯುತ್ತದೆ. ಇದನ್ನೇ ಮನೆಯ ಕಂಪ್ಯೂಟರಿನಲ್ಲಿ, ಯಾರಿಗೂ ಪುಟ ಕಳಿಸದೆ ಮಾಡಬೇಕೆನ್ನುವವರಿಗೆ ಟೆಸರಾಕ್ಟ್ ಇದೆ. 1985ರ ಸುಮಾರಿಗೆ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, ಹತ್ತು ವರ್ಷ ಮೂಲೆ ಸೇರಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ ಅದು. ಇವತ್ತು ಕನ್ನಡವನ್ನೂ ಓದುತ್ತದೆ.

ನಿಘಂಟು ಬೇಕಾದಾಗ ನಾನು ತೆರೆಯುವುದು ಅಲರ್. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷ ಪದ, ಎರಡು ಲಕ್ಷ ನಲವತ್ತು ಸಾವಿರ ಅರ್ಥ. ಒಬ್ಬರೇ ಮನುಷ್ಯರ ಕೆಲಸ ಇದು. ಮಲಯಾಳಕ್ಕೆ ಓಳಂ ಅನ್ನುವ ಜಾಲನಿಘಂಟು ಮಾಡಿದ್ದ ಜೆರೋದಾ ಕಂಪನಿಯ ಕೈಲಾಶ್ ನಾಧ್ ಅವರ ಕೈಗೆ ಅದು ಬಂದು, 2019ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಪದ ಹಾಕಿದ ಕೂಡಲೇ ಅರ್ಥ. ಇಷ್ಟೇ ಆಗಿದ್ದರೂ ಸಾಕಿತ್ತು. ಕೃಷ್ಣ ಅವರು ಇಡೀ ಪದರಾಶಿಯನ್ನು ಯಾರು ಬೇಕಾದರೂ ತೆಗೆದುಕೊಂಡು ಬೇರೆ ಉಪಕರಣ ಕಟ್ಟಬಹುದು ಅನ್ನುವ ಪರವಾನಗಿಯಲ್ಲಿ ಕೊಟ್ಟುಬಿಟ್ಟಿದ್ದಾರೆ. ನಾಲ್ಕು ದಶಕದ ದುಡಿಮೆಯನ್ನು ಹಾಗೆ ಬಿಟ್ಟುಕೊಡುವ ಮನಸ್ಸು ಎಷ್ಟು ದೊಡ್ಡದು ಅಂತ ನನಗೆ ಪದ ಹುಡುಕಿದಾಗಲೆಲ್ಲ ಅನ್ನಿಸುತ್ತದೆ. ಇದರ ಜೊತೆಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯನ್ನೂ ಗುರುತು ಹಾಕಿಕೊಳ್ಳಿ, ಬೇರೆ ಬೇರೆ ಭಾಷೆಗಳ ನಿಘಂಟುಗಳು ಅಲ್ಲಿವೆ.

ವಚನ ಸಂಚಯ ಅನ್ನುವ ತಾಣವನ್ನು ಒಂದು ಸಂಜೆ ಬಿಡುವಾಗಿ ತೆರೆಯಿರಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವುದಾದರೂ ಒಂದು ಪದವನ್ನು ಹುಡುಕಬಹುದು. ‘ಹಸಿವು’ ಅಂತ ಹಾಕಿ, ಯಾರು ಯಾರು ಆ ಪದವನ್ನು ಹೇಗೆ ಹೇಗೆ ಆಡಿದ್ದಾರೆ ಅಂತ ಒಂದೇ ಕಡೆ ಓದಬಹುದು. ಪ್ರಸಿದ್ಧ ವಚನಕಾರರ ಪಕ್ಕದಲ್ಲಿ, ಒಂದೆರಡೇ ವಚನ ಉಳಿದಿರುವ ಕಾಯಕಜೀವಿಗಳ ಹೆಸರೂ ಅಷ್ಟೇ ಗಾತ್ರದ ಅಕ್ಷರದಲ್ಲಿ ಕಾಣುತ್ತದೆ. ಹಿಂದೆ ಇಂಥ ಒಂದು ಹುಡುಕಾಟಕ್ಕೆ ಸಂಶೋಧಕರು ಸಂಪುಟಗಳನ್ನು ಹರವಿಕೊಂಡು ವರ್ಷಗಟ್ಟಲೆ ಚೀಟಿ ಬರೆಯಬೇಕಾಗಿತ್ತು.

ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ಲಾಭವಿಲ್ಲದ ಸಂಸ್ಥೆ, ಈಗ ಹಳೆಯ ಚರ್ಚೊಂದರ ಕಟ್ಟಡದಲ್ಲಿದೆ. ಕಿಟೆಲ್ ಅವರ 1894ರ ಕನ್ನಡ ನಿಘಂಟಿನ ಮೂಲ ಮುದ್ರಣ ನಿಮ್ಮ ಮನೆಯ ಪರದೆಗೆ ಬರುವುದು ಅಲ್ಲಿಂದಲೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಅಲ್ಲಿ ರಾಶಿ ರಾಶಿ ಇವೆ. ಹುಡುಕುವುದಕ್ಕೆ ಮಾತ್ರ ಒಂದು ಜಾಣತನ ಬೇಕು. ಆ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ, ಬರೆದವರಿಗೆ ತೋಚಿದ ಕಾಗುಣಿತದಲ್ಲಿ ಹತ್ತಿಸಿದ್ದಾರೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ದೀರ್ಘಕ್ಕೆ ಒಂದು ‘ಎ’ ಹಾಕಿ ನೋಡಿ, ಎರಡು ಹಾಕಿ ನೋಡಿ, ಲೇಖಕರ ಹೆಸರಿನ ಒಂದೇ ತುಂಡು ಹಾಕಿ ನೋಡಿ. ಬಿಡದೆ ಹುಡುಕಿದವರಿಗೆ ಅಂಗಡಿಯಲ್ಲಿ ಎಂದೋ ಮುಗಿದುಹೋದ ಪುಸ್ತಕಗಳು ಸಿಗುತ್ತವೆ. ಅದೇ ಸಂಸ್ಥೆಯ ವೇಬ್ಯಾಕ್ ಮೆಶೀನಿನಲ್ಲಿ ಮುಚ್ಚಿಹೋದ ಜಾಲತಾಣಗಳ ಹಳೆಯ ಪುಟಗಳನ್ನು ಓದಬಹುದು. ನಿಮ್ಮ ಲೇಖನ ಬಂದಿದ್ದ ಪತ್ರಿಕೆಯ ತಾಣ ಈಗ ಇಲ್ಲದಿದ್ದರೆ ಆ ವಿಳಾಸವನ್ನು ಅಲ್ಲಿ ಹಾಕಿ ನೋಡಿ. ನಿಮಗೆ ಮುಖ್ಯ ಅನ್ನಿಸಿದ ಯಾವ ಪುಟವನ್ನಾದರೂ ಅಲ್ಲಿ ಉಳಿಸಿಡಬಹುದು ಅನ್ನುವುದೂ ತಿಳಿದಿರಲಿ.

ಇಷ್ಟೆಲ್ಲ ಪುಕ್ಕಟೆ ಹೇಗೆ ಕೊಡುತ್ತಾರೆ, ಖರ್ಚು ಯಾರದು ಅಂತ ಹಿರಿಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಉತ್ತರ ಒಂದೊಂದು ಕಡೆ ಒಂದೊಂದು. ವಿಕಿಪೀಡಿಯ, ಇಂಟರ್ನೆಟ್ ಆರ್ಕೈವ್ ನಡೆಯುವುದು ಬಹುಪಾಲು ದೇಣಿಗೆಯಿಂದ. ಫೋಟೊಪಿಯ ನಡೆಯುವುದು ಪಕ್ಕದಲ್ಲಿ ಕಾಣುವ ಜಾಹೀರಾತಿನಿಂದ. ಫೋಟೊಶಾಪ್ ಕೊಳ್ಳಲಾಗದವರಿಗೆ ಬ್ರೌಸರಿನಲ್ಲೇ ಅದರ ಬಹಳಷ್ಟು ಕೆಲಸ ಮಾಡಿಕೊಡುವ ಈ ತಾಣವನ್ನು 2013ರಲ್ಲಿ ಶುರುಮಾಡಿ ಬೆಳೆಸಿದವರು ಇವಾನ್ ಕುಟ್ಸ್ಕಿರ್ ಅನ್ನುವ ಒಬ್ಬರೇ ಪ್ರೋಗ್ರಾಮರ್. ಫ್ಲೆಕ್ಸ್ ಅಂಗಡಿಯವರು ಕೊಟ್ಟ ಫೋಟೊಶಾಪಿನ ಪಿಎಸ್‌ಡಿ ಕಡತವನ್ನು ಅದರಲ್ಲಿ ತೆರೆದು, ಗಣೇಶೋತ್ಸವದ ತಾರೀಖು ಬದಲಿಸಿ, ಗೂಗಲ್ ಫಾಂಟ್ಸ್‌ನಿಂದ ಬಾಲೂ ತಮ್ಮ, ಅನೇಕ್, ನೋಟೊ ಮುಂತಾದ ಕನ್ನಡದ ಉಚಿತ ಅಕ್ಷರಗಳನ್ನು ಇಳಿಸಿ ಸೇರಿಸಿಕೊಳ್ಳಬಹುದು. ಇಲ್ಲಿಯೂ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ವಿಎಲ್‌ಸಿ ಪ್ಲೇಯರಿನ ಕತೆ ಬೇರೆ. 1996ರಲ್ಲಿ ಪ್ಯಾರಿಸಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾಗಿ, 2001ರಲ್ಲಿ ಮುಕ್ತವಾಗಿ, ಇವತ್ತಿಗೂ ಒಂದು ಜಾಹೀರಾತಿಲ್ಲದೆ ಸ್ವಯಂಸೇವಕರ ಕೈಯಲ್ಲಿ ನಡೆಯುತ್ತಿದೆ. ಮದುವೆಯ ಹಳೆಯ ವಿಡಿಯೊ ಯಾವುದರಲ್ಲೂ ತೆರೆಯದಿದ್ದಾಗ ಆ ಕಿತ್ತಳೆ ಬಣ್ಣದ ರಸ್ತೆ ಗೂಟದ ಗುರುತಿನ ಪ್ಲೇಯರಿನಲ್ಲಿ ತೆರೆದುಕೊಳ್ಳುತ್ತದೆ. ಕಾಗದ ಪತ್ರದ ಕೆಲಸಕ್ಕೆ 2010ರಿಂದ ಲಿಬ್ರೆಆಫೀಸ್ ಇದೆ. ಅದರ ಮೆನುಗಳನ್ನೂ ಕನ್ನಡದಲ್ಲಿ ಇಟ್ಟುಕೊಳ್ಳಬಹುದು.

ಇವನ್ನೆಲ್ಲ ಇಳಿಸಿಕೊಳ್ಳುವಾಗ ಅವುಗಳ ಸ್ವಂತ ತಾಣಕ್ಕೇ ಹೋಗಿ. ಹುಡುಕಿದಾಗ ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. ದೊಡ್ಡ ಹಸಿರು ಡೌನ್‌ಲೋಡ್ ಗುಂಡಿಗಳಿಗೆ ಕೈ ಮುಂದೆ ಹೋಗುವ ಮೊದಲು ಮೇಲಿನ ವಿಳಾಸ ಓದಿ.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅನ್ನುವ ಹೆಸರಿನಲ್ಲಿ ‘ಎಪಿಕೆ’ ಕಡತ, ಅಂದರೆ ಫೋನಿಗೆ ಆ್ಯಪ್ ಹಾಕುವ ಕಡತ, ಬರುವುದನ್ನು ಕೇಳಿರುತ್ತೀರಿ. ಒತ್ತಿದರೆ ಫೋನೇ ಕೈತಪ್ಪುತ್ತದೆ. ಅನುಮಾನದ ಕೊಂಡಿಯನ್ನೋ ಕಡತವನ್ನೋ ವೈರಸ್‌ಟೋಟಲ್‌ಗೆ ಹಾಕಿದರೆ 70ಕ್ಕೂ ಹೆಚ್ಚು ವೈರಸ್ ತಡೆ ತಂತ್ರಾಂಶಗಳು ಅದನ್ನು ಒಟ್ಟಿಗೆ ಪರೀಕ್ಷಿಸುತ್ತವೆ. 2004ರಲ್ಲಿ ಸ್ಪೇನಿನಲ್ಲಿ ಶುರುವಾದ ಸೇವೆ ಇದು, 2012ರಿಂದ ಗೂಗಲ್ ಕೈಯಲ್ಲಿದೆ. ಅಲ್ಲಿ ಹಾಕಿದ ಕಡತಗಳು ಭದ್ರತಾ ಕಂಪನಿಗಳಿಗೂ ಸಿಗುತ್ತವೆ, ಆದ್ದರಿಂದ ನಿಮ್ಮ ಖಾಸಗಿ ಕಾಗದ ಹಾಕಬೇಡಿ. ಇಮೇಲ್ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿಕೊಂಡಿದೆಯೇ ಅಂತ ನೋಡುವುದಕ್ಕೆ ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಇದೆ. ಸಿಕ್ಕಿಕೊಂಡಿದ್ದರೆ ಆ ತಾಣದ ಪಾಸ್‌ವರ್ಡ್ ಬದಲಿಸಿ, ಅದೇ ಪಾಸ್‌ವರ್ಡ್ ಇಟ್ಟ ಬೇರೆ ಕಡೆಯೂ ಬದಲಿಸಿ. ದುಡ್ಡು ಹೋಯಿತು ಅಂತ ಗೊತ್ತಾದರೆ ಯಾವ ತಾಣವನ್ನೂ ಹುಡುಕುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮೆರಿಕದಲ್ಲಿ ಮಕ್ಕಳಿರುವವರಿಗೆ ನಾರ್ವೆಯ ‘ಟೈಮ್ ಆ್ಯಂಡ್ ಡೇಟ್’ ತಾಣ ಅಲ್ಲಿಯ ಗಂಟೆ ತಿಳಿಯುವುದಕ್ಕೆ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. ನ್ಯೂಜೆರ್ಸಿಯ ಮಗನಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅಲ್ಲೇ ಬೆಳೆದ, ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮೊಮ್ಮಕ್ಕಳಿಗೆ ವಿನೋದ್ ರಾಜನ್ ಅವರ ಅಕ್ಷರಮುಖ. ಕನ್ನಡ ಲಿಪಿಯಲ್ಲಿ ಬರೆದ ದೇವರನಾಮವನ್ನು ಒಂದು ಕ್ಷಣದಲ್ಲಿ ಇಂಗ್ಲಿಷ್ ಲಿಪಿಗೋ ದೇವನಾಗರಿಗೋ ತಮಿಳಿಗೋ ಬದಲಿಸಿಕೊಡುತ್ತದೆ.

ಕಡೆಯದಾಗಿ ಎನ್‌ವಿಡಿಎ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಇದು. ಹಿಂದೆ ಇಂಥವಕ್ಕೆ ಕಂಪ್ಯೂಟರಿನ ಬೆಲೆಗಿಂತ ಹೆಚ್ಚು ದುಡ್ಡು ಕೊಡಬೇಕಾಗಿತ್ತು. ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೆ ಇದು ಅನ್ಯಾಯ ಅನ್ನಿಸಿತು. ಅವರಿಗೂ ಕಣ್ಣು ಕಾಣುವುದಿಲ್ಲ. 2006ರಲ್ಲಿ ತಾವೇ ಬರೆಯಲು ಕೂತರು. ಜೇಮ್ಸ್ ಟೆ ಜೊತೆಗೂಡಿದರು, ಅವರೂ ಅಂಧರೇ. ಇಬ್ಬರೂ ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಸ್ನೇಹಿತರಾದವರು. ಎನ್‌ವಿಡಿಎಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋಗಿ ಯಾವ ವಿಂಡೋಸ್ ಕಂಪ್ಯೂಟರಿನಲ್ಲಾದರೂ ನಡೆಸಬಹುದು. ಕನ್ನಡ ಓದುವ ದನಿಯೂ ಅದರೊಳಗಿದೆ. ಯಂತ್ರದ ದನಿಯೇ, ಆದರೆ ಅಭ್ಯಾಸವಾದವರು ಅದನ್ನು ನಾವು ಕಣ್ಣಿನಲ್ಲಿ ಓದುವುದಕ್ಕಿಂತ ವೇಗವಾಗಿ ಓಡಿಸಿ ಕೇಳುತ್ತಾರೆ. ಪದವಿ ಓದುತ್ತಿರುವ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಎಷ್ಟೋ ಜನರ ದಿನ ಇದರ ಮೇಲೆ ನಿಂತಿದೆ. ನಿಮ್ಮ ಬಳಗದಲ್ಲಿ ದೃಷ್ಟಿ ಕಳೆದುಕೊಳ್ಳುತ್ತಿರುವ ಹಿರಿಯರಿದ್ದರೆ ಒಂದು ಭಾನುವಾರ ಕೂತು ಹಾಕಿಕೊಡಿ. ಇನ್ನೊಂದು ಮಾತು. ಎನ್‌ವಿಡಿಎ ಯೂನಿಕೋಡ್ ಪಠ್ಯವನ್ನು ಓದುತ್ತದೆ, ಚಿತ್ರದೊಳಗಿನ ಕನ್ನಡ ಅಕ್ಷರವನ್ನು ತಾನಾಗಿ ಓದುವುದಿಲ್ಲ. ಸಂಘದ ಸಭೆಯ ಕರೆಯೋಲೆ, ಊರಹಬ್ಬದ ಪಟ್ಟಿ, ಸಾವಿನ ಸುದ್ದಿ ಎಲ್ಲವನ್ನೂ ಈಗ ನಾವು ಚಿತ್ರವಾಗಿಯೇ ಗುಂಪಿಗೆ ಹಾಕುತ್ತೇವೆ. ಹಾಕುವಾಗ ಕೆಳಗೆ ಎರಡು ಸಾಲು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಕನ್ನಡದಲ್ಲಿ ಟೈಪು ಮಾಡಿಬಿಡಿ.